ಶಾಂತಿನಿಕೇತನದ ಪಕ್ಕದ ಹಳ್ಳಿ: ರವೀಂದ್ರನಾಥ ಠಾಕೂರರ ಜೀವನದಿಂದ ಒಂದು ಪಾಠ

ಬಿ.ಎಡ್. ಓದುವ ನಮಗೆಲ್ಲ ರವೀಂದ್ರನಾಥ ಠಾಕೂರರು ಪರಿಚಿತರೇ. ಪರೀಕ್ಷೆಯಲ್ಲಿ ಅವರ ಬಗ್ಗೆ ಪ್ರಶ್ನೆ ಬಂದರೆ ಪ್ರಕೃತಿಯ ಮಡಿಲಿನ ಶಿಕ್ಷಣ, ಮರದ ನೆರಳಿನ ತರಗತಿ, ಮಾತೃಭಾಷೆ, ಕಲೆ, ವಿಶ್ವಮಾನವತೆ ಎಂದು ಬರೆಯುತ್ತೇವೆ. ಶಾಂತಿನಿಕೇತನದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿರುವ ಸುರುಲ್ ಎಂಬ ಹಳ್ಳಿಯ ಹೆಸರು ಆ ಉತ್ತರದಲ್ಲಿ ಬರುವುದು ಅಪರೂಪ. ಆದರೆ ವಿಶ್ವವಿದ್ಯಾಲಯವೊಂದು ತನ್ನ ಸುತ್ತಲಿನ ಜನರೊಡನೆ ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಿದ್ದು ಅಲ್ಲಿ.

ರವೀಂದ್ರರು 1861ರ ಮೇ 7ರಂದು ಕಲ್ಕತ್ತೆಯ ಜೋರಾಸಾಂಕೋ ಮನೆಯಲ್ಲಿ ಹುಟ್ಟಿದರು. ಸಿರಿವಂತ ಜಮೀನ್ದಾರರ ಮನೆತನ. ಶಾಲೆ ಅವರಿಗೆ ಹಿಡಿಸಲಿಲ್ಲ. ಹೆಚ್ಚಿನ ಕಲಿಕೆ ಮನೆಯಲ್ಲೇ ಆಯಿತು. ಮೂವತ್ತರ ಆಸುಪಾಸಿನಲ್ಲಿ ತಂದೆ ದೇವೇಂದ್ರನಾಥರು ಅವರಿಗೆ ಜಮೀನಿನ ಉಸ್ತುವಾರಿ ವಹಿಸಿದರು. ಶಿಲಾಯ್‌ದಹ, ಶಾಹಜಾದ್‌ಪುರ, ಪತಿಸರ ಎಂಬ ಆ ಊರುಗಳು ಇಂದು ಬಾಂಗ್ಲಾದೇಶದಲ್ಲಿವೆ. ಪೇಟೆಯಲ್ಲಿ ಬೆಳೆದ ಕವಿ ಪದ್ಮಾ ನದಿಯ ಮೇಲೆ ದೋಣಿಯಲ್ಲಿ ವಾಸ ಮಾಡುತ್ತ ರೈತರ ಬಡತನ, ಸಾಲ, ಕಾಯಿಲೆಗಳನ್ನು ಮೊದಲ ಬಾರಿಗೆ ಹತ್ತಿರದಿಂದ ಕಂಡರು.

ಸಹಾಯ ಮಾಡಹೊರಟಾಗ ಆದ ಎರಡು ಅನುಭವಗಳನ್ನು ಅವರು ಮುಂದೆ ಮುದಿವಯಸ್ಸಿನಲ್ಲೂ ನೆನೆಯುತ್ತಿದ್ದರು. ನೀರಿಗೆ ಕಷ್ಟಪಡುತ್ತಿದ್ದ ಒಂದು ಹಳ್ಳಿಯಲ್ಲಿ, ಊರವರು ಬಾವಿ ತೋಡಿಕೊಂಡರೆ ಅದಕ್ಕೆ ಇಟ್ಟಿಗೆ ಕಟ್ಟಿಸುವ ಖರ್ಚು ತಮ್ಮದೆಂದು ಹೇಳಿದರು. ಊರವರು ಒಪ್ಪಲಿಲ್ಲ. ಬೆವರು ತಮ್ಮದು, ಬಾವಿ ಕಟ್ಟಿಸಿದ ಪುಣ್ಯ ಮಾತ್ರ ಜಮೀನ್ದಾರರದು ಎಂಬುದು ಅವರ ತರ್ಕ. ಇದು ಮೀನಿನ ಎಣ್ಣೆಯಲ್ಲೇ ಮೀನು ಹುರಿಯುವ ಲೆಕ್ಕವೆಂದು ಅವರು ಬಂಗಾಳಿ ಗಾದೆಯ ಧಾಟಿಯಲ್ಲಿ ಆಡಿಕೊಂಡರು. ಇನ್ನೊಮ್ಮೆ ತಮ್ಮ ಕಚೇರಿಯಿಂದ ಕುಷ್ಟಿಯಾ ಪೇಟೆಗೆ ರಸ್ತೆ ಮಾಡಿಸಿ, ಅದರ ದುರಸ್ತಿಯನ್ನು ಅಕ್ಕಪಕ್ಕದ ಹಳ್ಳಿಗಳವರು ನೋಡಿಕೊಳ್ಳಲೆಂದು ಕೇಳಿದರು. ಪೇಟೆಯ ಬಾಬುಗಳ ಅನುಕೂಲಕ್ಕೆ ತಾವೇಕೆ ದುಡಿಯಬೇಕೆಂದು ಜನ ಸುಮ್ಮನಾದರು.

ಇದನ್ನು ಜನರ ಸೋಮಾರಿತನವೆಂದು ತಳ್ಳಿಹಾಕುವುದು ಸುಲಭವಿತ್ತು. ರವೀಂದ್ರರು ಹಾಗೆ ಮಾಡಲಿಲ್ಲ. ತಲೆಮಾರುಗಳಿಂದ ಮೇಲಿನವರ ದಾನವನ್ನೋ ದರ್ಪವನ್ನೋ ಕಂಡ ಜನಕ್ಕೆ ತಮ್ಮ ಊರು ತಮ್ಮದೆಂಬ ಭಾವನೆಯೇ ಉಳಿದಿಲ್ಲ ಎಂದು ಅವರಿಗೆ ಅರ್ಥವಾಯಿತು. ಹೊರಗಿನಿಂದ ಕೊಟ್ಟದ್ದು ಎಷ್ಟೇ ಒಳ್ಳೆಯದಾದರೂ ಆ ಭಾವನೆಯನ್ನು ತಂದುಕೊಡಲಾರದು.

1901ರಲ್ಲಿ ಅವರು ಬೀರಭೂಮ್ ಜಿಲ್ಲೆಯ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆದರು. ಹಳ್ಳಿಯ ಚಿಂತೆ ಮಾತ್ರ ಬಿಡಲಿಲ್ಲ. 1905ರಲ್ಲಿ ಪತಿಸರದಲ್ಲಿ ರೈತರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುವ ಕೃಷಿ ಬ್ಯಾಂಕ್ ಆರಂಭಿಸಿದರು. 1913ರ ನೊಬೆಲ್ ಬಹುಮಾನದ ಹಣವನ್ನೂ ಅದರಲ್ಲೇ ತೊಡಗಿಸಿದರು. ಆ ಹಣದ ಬಹುಪಾಲು ಹಿಂದಿರುಗಲಿಲ್ಲ. ಶ್ರೀಮಂತರ ಮಕ್ಕಳು ಬ್ಯಾರಿಸ್ಟರ್ ಆಗಲೆಂದು ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲದಲ್ಲಿ, 1906ರಲ್ಲಿ, ಮಗ ರಥೀಂದ್ರನಾಥರನ್ನು ಕೃಷಿ ವಿಜ್ಞಾನ ಕಲಿಯಲು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಈ ನಿರ್ಧಾರ ಬಹಳ ದೊಡ್ಡದಾಗಿ ಕಾಣುತ್ತದೆ. ರೈತನಿಗೆ ಕರುಣೆ ಮಾತ್ರ ಸಾಲದು, ಒಳ್ಳೆಯ ವಿಜ್ಞಾನವೂ ಸಲ್ಲಬೇಕು ಎಂಬ ತಿಳಿವು ಅದರಲ್ಲಿದೆ.

1921ರ ಡಿಸೆಂಬರ್‌ನಲ್ಲಿ ವಿಶ್ವಭಾರತಿ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ದೇಶವಿದೇಶದ ವಿದ್ವಾಂಸರು ಬರುವ ಸಂಸ್ಥೆ ಅದು. ಅದಾದ ಎರಡೇ ತಿಂಗಳಿಗೆ, 1922ರ ಫೆಬ್ರವರಿಯಲ್ಲಿ, ಸುರುಲ್‌ನಲ್ಲಿ ಗ್ರಾಮ ಪುನರ್ರಚನೆಯ ಕೇಂದ್ರ ಶುರುವಾಯಿತು. ಮುಂದೆ ಶ್ರೀನಿಕೇತನವೆಂದು ಹೆಸರಾದದ್ದು ಇದೇ. ಜಗತ್ತನ್ನೆಲ್ಲ ಒಂದು ಗೂಡಿಗೆ ಕರೆಯುವ ವಿದ್ಯಾಸಂಸ್ಥೆಗೆ ಪಕ್ಕದ ಊರಿನ ಪರಿಚಯವಿಲ್ಲದಿದ್ದರೆ ಅದು ಅಪೂರ್ಣ ಎಂಬುದು ಅವರ ನಿಲುವಾಗಿತ್ತು.

ಕೇಂದ್ರದ ಹೊಣೆ ಹೊತ್ತವರು ಅಮೆರಿಕದ ಕಾರ್ನೆಲ್‌ನಲ್ಲಿ ಕೃಷಿ ಓದಿದ್ದ ಇಂಗ್ಲಿಷ್ ತರುಣ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್. ಸುಮಾರು ಹತ್ತು ವಿದ್ಯಾರ್ಥಿಗಳು ಅವರ ಜೊತೆ ಹೋದರು. ಹಳ್ಳಿಯ ಒಳಹೊರಗನ್ನು ಬಲ್ಲ ಕಾಲೀಮೋಹನ ಘೋಷ್ ಅವರ ನೆರವಿತ್ತು. ಅವರು ಹಳ್ಳಿಗೆ ಉಪದೇಶ ಮಾಡುವುದರಿಂದ ಕೆಲಸ ಆರಂಭಿಸಲಿಲ್ಲ. ತಮ್ಮ ಅಂಗಳದಿಂದಲೇ ಆರಂಭಿಸಿದರು. ಜಾತಿಯ ಕಟ್ಟು ಬಿಗಿಯಾಗಿದ್ದ ಆ ದಿನಗಳಲ್ಲಿ ವಿದ್ಯಾರ್ಥಿಗಳು ತಮ್ಮ ಪಾಯಖಾನೆಯನ್ನು ತಾವೇ ಶುಚಿ ಮಾಡಿ, ಮಲವನ್ನು ಗುಂಡಿಯಲ್ಲಿ ಹೂತು ಗೊಬ್ಬರ ಮಾಡಿದರು, ತರಕಾರಿ ಬೆಳೆದರು. ಜೊತೆಗೆ ಸುತ್ತಲಿನ ಹಳ್ಳಿಗಳು ಏಕೆ ಸೊರಗಿವೆ ಎಂಬುದನ್ನು ನೋಡುತ್ತ, ಕೇಳುತ್ತ ಹೋದರು. ಎದ್ದು ಕಂಡದ್ದು ಮೂರು ಪೀಡೆಗಳು: ಮಲೇರಿಯಾ, ಬೆಳೆ ಹಾಳುಮಾಡುವ ಕೋತಿಗಳು, ಮತ್ತು ಜನರ ನಡುವಿನ ಪರಸ್ಪರ ಅಪನಂಬಿಕೆ. ಮೂರನೆಯದು ಹೋಗದೆ ಮೊದಲೆರಡು ಹೋಗುವಂತಿರಲಿಲ್ಲ. ಸೊಳ್ಳೆಯನ್ನು ತಡೆಯಲು ಊರಿನ ಎಲ್ಲ ಕೊಳಗಳನ್ನೂ ಎಲ್ಲರೂ ಸೇರಿ ಸ್ವಚ್ಛಗೊಳಿಸಬೇಕು. ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಪ್ರಯೋಜನವಿಲ್ಲ.

ಅಲ್ಲಿಂದ ಕೆಲಸ ಕ್ರಮೇಣ ಹಬ್ಬಿತು. ಹಳ್ಳಿಯ ಹುಡುಗರೇ ಸೇರಿದ ಬ್ರತೀ ಬಾಲಕ ಎಂಬ ಸೇವಾದಳ ಬೆಳೆಯಿತು. ನೇಯ್ಗೆ, ಚರ್ಮದ ಕೆಲಸ, ಹೈನುಗಾರಿಕೆಗಳ ತರಬೇತಿ ನಡೆಯಿತು. ಮುಂದೆ ಊರವರೇ ಚಂದಾ ಹಾಕಿ ಸದಸ್ಯರಾಗುವ ಸಹಕಾರಿ ಆರೋಗ್ಯ ಸಂಘಗಳು ಹುಟ್ಟಿದವು. ಬಾವಿಯ ವಿಷಯದಲ್ಲಿ ಕಲಿತ ಪಾಠ ಇಲ್ಲಿ ಫಲ ಕೊಟ್ಟಿದ್ದನ್ನು ಗಮನಿಸಬೇಕು: ಔಷಧಿ ದಾನವಾಗಿ ಬರಲಿಲ್ಲ, ಸಂಘ ಊರಿನದೇ ಆಯಿತು.

1924ರಲ್ಲಿ ಅವರು ಬಡ ಹಳ್ಳಿ ಮಕ್ಕಳಿಗಾಗಿ ಶಿಕ್ಷಾಸತ್ರ ಎಂಬ ಚಿಕ್ಕ ಶಾಲೆ ತೆರೆದರು. 1927ರಲ್ಲಿ ಅದು ಶ್ರೀನಿಕೇತನಕ್ಕೆ ಸ್ಥಳಾಂತರವಾಯಿತು. ಶಾಂತಿನಿಕೇತನದ ಶಾಲೆಗೆ ಪರೀಕ್ಷೆಯ ಮತ್ತು ಪೋಷಕರ ಒತ್ತಡ ತಪ್ಪಿರಲಿಲ್ಲ. ಇಲ್ಲಿ ಕೈಕೆಲಸ, ತೋಟ, ಅಡುಗೆ, ಆಟಗಳ ಮೂಲಕವೇ ಕಲಿಕೆ. 1928ರಲ್ಲಿ ಹಲಕರ್ಷಣ, ಅಂದರೆ ನೇಗಿಲು ಹೂಡುವ ಹಬ್ಬ ಆರಂಭವಾದಾಗ ಅರವತ್ತೇಳರ ಕವಿ ತಾವೇ ನೇಗಿಲು ಹಿಡಿದರು. 1937ರಲ್ಲಿ ಸಾಮಾನ್ಯ ಓದುಗರಿಗಾಗಿ ಪರಮಾಣುವಿನಿಂದ ನಕ್ಷತ್ರದವರೆಗಿನ ವಿಷಯಗಳನ್ನು ಸರಳ ಬಂಗಾಳಿಯಲ್ಲಿ ವಿವರಿಸುವ ವಿಶ್ವಪರಿಚಯ ಎಂಬ ಪುಸ್ತಕ ಬರೆದು ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ತರಗತಿಗೆ ಬರಲಾಗದವರ ಬಳಿಗೂ ವಿಶ್ವವಿದ್ಯಾಲಯದ ಜ್ಞಾನ ಹೋಗಬೇಕೆಂಬ ಹಂಬಲದ ಫಲ ಅದು.

ಎಲ್ಲವೂ ಗೆದ್ದಿತೆಂದು ಹೇಳಿದರೆ ಸತ್ಯಕ್ಕೆ ದೂರವಾಗುತ್ತದೆ. ಶ್ರೀನಿಕೇತನದ ಖರ್ಚಿನ ದೊಡ್ಡ ಪಾಲು ಎಲ್ಮ್‌ಹರ್ಸ್ಟರ ಪತ್ನಿಯಾದ, ಅಮೆರಿಕದ ಡೊರೊತಿಯವರಿಂದ ಬರುತ್ತಿತ್ತು. ಸ್ವಾವಲಂಬನೆ ಕಲಿಸುವ ಸಂಸ್ಥೆಯೇ ಹೊರಗಿನ ಹಣವನ್ನು ನೆಚ್ಚಬೇಕಾಯಿತು. ಶಾಂತಿನಿಕೇತನದ ಸಂಗೀತ, ಸಾಹಿತ್ಯಗಳ ಲೋಕಕ್ಕೂ ಶ್ರೀನಿಕೇತನದ ಹೊಲಗದ್ದೆಗಳಿಗೂ ನಡುವಿನ ಅಂತರ ಪೂರ್ತಿ ಅಳಿಯಲಿಲ್ಲ, ಆ ಕೊರಗು ರವೀಂದ್ರರಿಗಿತ್ತು. ಹಾಗಿದ್ದರೂ ಒಂದೆರಡು ಹಳ್ಳಿಗಳನ್ನಾದರೂ ಅಸಹಾಯಕತೆಯಿಂದ ಬಿಡಿಸಿದರೆ ಸಾಕು, ಅದೇ ದೇಶಕ್ಕೆ ಮಾದರಿಯಾಗುತ್ತದೆ ಎಂಬ ನಂಬಿಕೆಯನ್ನು 1941ರ ಆಗಸ್ಟ್ 7ರಂದು ತೀರಿಕೊಳ್ಳುವವರೆಗೂ ಅವರು ಬಿಡಲಿಲ್ಲ. ಶಾಂತಿನಿಕೇತನದಲ್ಲಿ ಕೆಲಸ ಮಾಡಿದ್ದ ಆರ್ಯನಾಯಕಂ ದಂಪತಿಗಳೇ ಮುಂದೆ ವಾರ್ಧಾದಲ್ಲಿ ಗಾಂಧೀಜಿಯವರ ನಯೀ ತಾಲೀಮಿನ ಹೊಣೆ ಹೊತ್ತರು.

ನಮ್ಮ ಪಠ್ಯಕ್ರಮದಲ್ಲಿ ಪೌರತ್ವ ತರಬೇತಿ ಶಿಬಿರವಿದೆ, ಸಮುದಾಯದೊಂದಿಗಿನ ಚಟುವಟಿಕೆಗಳಿವೆ. ಕೆಲವು ದಿನ ಹಳ್ಳಿಗೆ ಹೋಗಿ, ಬೀದಿ ಗುಡಿಸಿ, ಜಾಥಾ ನಡೆಸಿ, ವರದಿ ಬರೆದು ಮುಗಿಸಿದರೆ ಅಂಕ ಬರುತ್ತದೆ. ನಾವು ಗುಡಿಸಿದ ಬೀದಿ ಮರುವಾರ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ರವೀಂದ್ರರ ಜೀವನ ಆ ಪ್ರಶ್ನೆಯನ್ನು ಕೇಳುತ್ತದೆ. ಊರಿಗೆ ಏನು ಬೇಕೆಂದು ಊರವರನ್ನು ಮೊದಲು ಕೇಳಿದ್ದೇವೆಯೇ? ನಾವು ಹೊರಟುಬಂದ ಮೇಲೆ ಆ ಕೆಲಸ ನಡೆಸುವವರು ಅಲ್ಲಿ ಯಾರಿದ್ದಾರೆ? ಬೋಧನಾಭ್ಯಾಸಕ್ಕೆ ಹೋಗುವ ಪ್ರತಿ ಶಾಲೆಯ ಸುತ್ತಲೂ ಒಂದು ಸುರುಲ್ ಇದೆ. ಪಾಠಯೋಜನೆ ಬರೆಯುವ ಮೊದಲು ಒಂದು ಸಂಜೆ ಆ ಊರಿನಲ್ಲಿ ಓಡಾಡಿ, ನಾಲ್ಕು ಜನರ ಮಾತು ಕೇಳಿ ಬರುವುದು ನಮ್ಮಿಂದ ಆಗುವ ಕೆಲಸ.