ಭೋಜದ ಮನೆಯೇ ಮೊದಲ ಗುರುಕುಲ

ಜಿನಾಗಮವು ಹೇಳುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವ ಮತ್ತು ಅನ್ಯತ್ವ ಎಂಬ ಎರಡು ಭಾವನೆಗಳಿವೆ. ಜೀವನು ಒಬ್ಬನೇ ಹುಟ್ಟುತ್ತಾನೆ, ತನ್ನ ಕರ್ಮಫಲವನ್ನು ಒಬ್ಬನೇ ಉಣ್ಣುತ್ತಾನೆ, ಒಬ್ಬನೇ ತೆರಳುತ್ತಾನೆ ಎಂಬುದು ಮೊದಲನೆಯದು. ಈ ದೇಹವೂ ತನ್ನದಲ್ಲವೆಂದ ಮೇಲೆ ಬಂಧುಬಳಗ ತನ್ನದಾಗುವುದೆಂತು ಎಂಬುದು ಎರಡನೆಯದು. ಇವನ್ನು ಕೇಳಿದ ಶ್ರಾವಕರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಹಾಗಾದರೆ ತಾಯಿಯ ಮಡಿಲು, ತಂದೆಯ ನೆರಳು, ಒಡಹುಟ್ಟಿದವರ ಒಡನಾಟ ಇವೆಲ್ಲವೂ ಮೋಕ್ಷಮಾರ್ಗಕ್ಕೆ ಬರಿಯ ಅಡ್ಡಿಗಳೇ? ವೈರಾಗ್ಯವೆಂದರೆ ಮನೆಯ ಮೇಲಿನ ಮುನಿಸೇ? ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ತುಂಬಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಜೀವನದಲ್ಲಿ ಈ ಸಂದೇಹಕ್ಕೆ ಸ್ಪಷ್ಟವಾದ ಉತ್ತರವಿದೆ.

ದಾಂಡೇಲಿ, ಹಳಿಯಾಳಗಳಿಂದ ಬೆಳಗಾವಿಯನ್ನು ದಾಟಿ ಉತ್ತರಕ್ಕೆ ಸಾಗಿದರೆ ನಿಪ್ಪಾಣಿ ಸೀಮೆ ಸಿಗುತ್ತದೆ. ಅಲ್ಲಿ ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವೆಡೆಯಲ್ಲಿ ಭೋಜ ಎಂಬ ಗ್ರಾಮವಿದೆ. ಕನ್ನಡ ಮರಾಠಿಗಳೆರಡೂ ಬೆರೆತು ನಡೆಯುವ ಆ ಊರಿನ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಮಗನೇ ಸಾತಗೌಡ. 1872ರ ಜುಲೈ ತಿಂಗಳಲ್ಲಿ, ಭೋಜಕ್ಕೆ ಸಮೀಪದ ಯಳಗುಡದಲ್ಲಿ, ತಾಯಿಯ ತವರುಮನೆಯಲ್ಲಿ ಆತನ ಜನನವಾಯಿತು. ಮಗು ಗರ್ಭದಲ್ಲಿದ್ದಾಗ ನೂರೆಂಟು ಸಹಸ್ರದಳ ಕಮಲಗಳಿಂದ ಜಿನಪೂಜೆ ಮಾಡಬೇಕೆಂಬ ಬಯಕೆ ತಾಯಿಗೆ ಉಂಟಾಗಿತ್ತೆಂದು ಭಕ್ತರು ಇಂದಿಗೂ ಸ್ಮರಿಸುತ್ತಾರೆ. ಆದಿಗೌಡ ಮತ್ತು ದೇವಗೌಡ ಅಣ್ಣಂದಿರು, ಕುಮಗೌಡ ತಮ್ಮ, ಕೃಷ್ಣಾಬಾಯಿ ತಂಗಿ. ಹೊಲಮನೆ, ದನಕರು, ಬಟ್ಟೆಯ ವ್ಯಾಪಾರ, ಬಂದು ಹೋಗುವ ಅತಿಥಿಗಳು, ಹೀಗೆ ಅದೊಂದು ತುಂಬಿದ ಮನೆ.

ಸಾತಗೌಡನ ಶಾಲೆಯ ಓದು ಹೆಚ್ಚಿನದಾಗಿರಲಿಲ್ಲ. ಆದರೆ ಮನೆಯಲ್ಲಿ ನಡೆದ ಓದು ಬೇರೆಯದೇ ಆಗಿತ್ತು. ತಂದೆ ಭೀಮಗೌಡರು ಊರಿನ ಮುಖ್ಯಸ್ಥರು, ಬಲಶಾಲಿಗಳು. ಅಂಥವರು ಹದಿನಾರು ವರ್ಷಗಳ ಕಾಲ ದಿನಕ್ಕೊಮ್ಮೆ ಮಾತ್ರ ಆಹಾರ, ನೀರು ಸ್ವೀಕರಿಸುವ ನಿಯಮವನ್ನು ಪಾಲಿಸಿದರು. ತಾಯಿ ಸತ್ಯವತಿ ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡುತ್ತಿದ್ದರು. ಮನೆ ಬಾಗಿಲಿಗೆ ತ್ಯಾಗಿಗಳು ಬಂದರೆ ಭಕ್ತಿಯಿಂದ ಆಹಾರದಾನ ಮಾಡುತ್ತಿದ್ದರು. ಮಗನನ್ನು ಕೂರಿಸಿಕೊಂಡು ವ್ರತಗಳ ಲಕ್ಷಣವನ್ನು ವಿವರಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ತಂದೆಯ ತಟ್ಟೆ ದಿನಕ್ಕೊಂದೇ ಸಲ ಬೀಳುವುದನ್ನು ನೋಡಿ ಬೆಳೆದ ಹುಡುಗನಿಗೆ ಸಂಯಮವೆಂಬುದು ದೊಡ್ಡ ಪದವಾಗಿ ಕಾಣಲಿಲ್ಲ, ಮನೆಯ ದಿನಚರಿಯಾಗಿ ಕಂಡಿತು.

ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಸಾತಗೌಡನಿಗೆ ಮದುವೆ ಮಾಡಿದರು. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಬಾಲವಧು ತೀರಿಕೊಂಡಳು. ಮುಂದೆ ಪ್ರಾಯಕ್ಕೆ ಬಂದಾಗ ಹಿರಿಯರು ಮತ್ತೆ ವಿವಾಹದ ಪ್ರಸ್ತಾಪವೆತ್ತಿದರು. ಸಾತಗೌಡರು ಒಪ್ಪಲಿಲ್ಲ, ಬ್ರಹ್ಮಚರ್ಯವನ್ನು ಸ್ವೀಕರಿಸಿದರು. ಹದಿನೆಂಟರ ಹೊತ್ತಿಗೆ ಅವರ ಮನಸ್ಸು ಮುನಿದೀಕ್ಷೆಯ ಕಡೆಗೆ ತಿರುಗಿತ್ತು.

ಅವರ ಬಾಳಿನ ಕಠಿಣ ಪರೀಕ್ಷೆ ಎದುರಾದದ್ದು ಇಲ್ಲಿಯೇ. ತಂದೆತಾಯಿಗಳು ಮಗನ ವೈರಾಗ್ಯವನ್ನು ಹಳಿಯಲಿಲ್ಲ, ಅಡ್ಡಗಟ್ಟಿ ನಿಲ್ಲಲೂ ಇಲ್ಲ. ತಾವು ಬದುಕಿರುವವರೆಗೆ ಮನೆಯಲ್ಲಿಯೇ ಇದ್ದು ಧರ್ಮಸಾಧನೆ ಮಾಡಬೇಕು, ತಮ್ಮ ಧರ್ಮಕಾರ್ಯಗಳಿಗೂ ಆಸರೆಯಾಗಬೇಕು ಎಂದು ಕೇಳಿಕೊಂಡರು. ಬೇಡವೆಂದಿದ್ದರೆ ಮೀರಿ ನಡೆಯಬಹುದಿತ್ತೇನೋ. ಪ್ರೀತಿಯಿಂದ ಬೇಡಿದ ಮಾತನ್ನು ಮೀರುವುದು ಹೇಗೆ? ಒಂದು ಕಡೆ ಆಯುಷ್ಯ ಅಸ್ಥಿರವೆಂಬ ಅರಿವು, ಇನ್ನೊಂದು ಕಡೆ ಹೆತ್ತವರ ಕೋರಿಕೆ. ಸಾತಗೌಡರು ಆ ಕೋರಿಕೆಯನ್ನು ಶಿರಸಾವಹಿಸಿದರು. ದೀಕ್ಷೆ ಎರಡು ದಶಕಗಳಿಗೂ ಮಿಕ್ಕಿ ಮುಂದೆ ಹೋಯಿತು.

ಹೆತ್ತವರಿಗಾಗಿ ಹೀಗೆ ಕಾಯುವುದು ಜೈನರಿಗೆ ಅಪರಿಚಿತವಾದ ಮಾತಲ್ಲ. ತಂದೆತಾಯಿಗಳು ಜೀವಂತವಿರುವವರೆಗೆ ದೀಕ್ಷೆ ಪಡೆಯುವುದಿಲ್ಲವೆಂದು ಭಗವಾನ್ ಮಹಾವೀರರು ಗರ್ಭಸ್ಥರಾಗಿದ್ದಾಗಲೇ ಸಂಕಲ್ಪಿಸಿದರೆಂದು ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರ ಹೇಳುತ್ತದೆ. ದಿಗಂಬರ ಪರಂಪರೆಯಲ್ಲಿ ಈ ಸಂಕಲ್ಪದ ಕಥೆ ಇಲ್ಲ. ಆದರೆ ಶ್ರಾಮಣ್ಯವನ್ನು ಬಯಸುವವನು ಬಂಧುವರ್ಗದ ಅನುಮತಿ ಪಡೆದು ಹೊರಡಬೇಕೆಂದು ಆಚಾರ್ಯ ಕುಂದಕುಂದರು ಪ್ರವಚನಸಾರದಲ್ಲಿ ತಿಳಿಸಿದ್ದಾರೆ. ಸಂಬಂಧಗಳನ್ನು ಹರಿದೆಸೆದು ಓಡುವುದು ಜಿನಮಾರ್ಗವಲ್ಲ. ಅವುಗಳ ಋಣವನ್ನು ಅರಿತು, ಬೀಳ್ಕೊಂಡು ಹೊರಡುವುದೇ ಕ್ರಮ.

ಹಾಗೆ ಉಳಿದ ವರ್ಷಗಳನ್ನು ಸಾತಗೌಡರು ಕಾಯುವ ವರ್ಷಗಳೆಂದು ಕಳೆಯಲಿಲ್ಲ, ಸಾಧನೆಯ ವರ್ಷಗಳನ್ನಾಗಿ ಮಾಡಿಕೊಂಡರು. ತಮ್ಮ ಕುಮಗೌಡರು ಇಲ್ಲದ ವೇಳೆ ಬಟ್ಟೆಯ ಅಂಗಡಿಯಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತು. ಆಗ ಬಂದ ಗಿರಾಕಿಗಳಿಗೆ ತಾವೇ ಬಟ್ಟೆ ಆರಿಸಿ, ತಾವೇ ಅಳೆದು ಹರಿದುಕೊಂಡು, ಲೆಕ್ಕವನ್ನೂ ತಾವೇ ಬರೆದಿಡುವಂತೆ ಹೇಳಿಬಿಡುತ್ತಿದ್ದರು. ಹೊಲದಲ್ಲಿ ಕಾಳು ಕಟ್ಟಿದಾಗ ಹಕ್ಕಿಗಳ ಹಿಂಡು ಇಳಿದರೆ ಅವನ್ನು ಓಡಿಸುತ್ತಿರಲಿಲ್ಲ. ಅವುಗಳಿಗೆ ಕುಡಿಯಲು ನೀರನ್ನೂ ಇರಿಸುತ್ತಿದ್ದರು. ನೆರೆಹೊಲದವರು ಅಟ್ಟಿದ ಹಕ್ಕಿಗಳೂ ಇವರ ಹೊಲಕ್ಕೇ ಬರುತ್ತಿದ್ದವು. ಆದರೂ ಸುಗ್ಗಿಯಲ್ಲಿ ಇವರ ರಾಶಿ ಯಾರ ರಾಶಿಗೂ ಕಡಿಮೆಯಾಗುತ್ತಿರಲಿಲ್ಲವೆಂದು ಊರವರು ಬೆರಗಿನಿಂದ ಹೇಳುತ್ತಿದ್ದರು. ಎತ್ತುಗಳು ಎಳೆಯುವ ಮೊಟ್ಟೆಯನ್ನು ತಾವೇ ಎಳೆದು ಬಾವಿಯ ನೀರೆತ್ತುವಷ್ಟು ಕಸುವು ಅವರ ರಟ್ಟೆಯಲ್ಲಿತ್ತು.

ಆ ಕಸುವನ್ನು ಅವರು ಬಳಸಿದ ಬಗೆ ನೆನಪಿನಲ್ಲಿಡತಕ್ಕದ್ದು. ಬೋರಗಾಂವದ ಮುನಿ ಆದಿಸಾಗರರು ಭೋಜಕ್ಕೆ ಬಂದು ಹೋಗುವಾಗ ಸಾತಗೌಡರು ಅವರನ್ನು ತಮ್ಮ ಹೆಗಲ ಮೇಲೆ ಕೂರಿಸಿಕೊಂಡು ನದೀಸಂಗಮವನ್ನು ದಾಟಿಸುತ್ತಿದ್ದರು. ಮೂವತ್ತೆರಡನೆಯ ವಯಸ್ಸಿನಲ್ಲಿ ಸಮ್ಮೇದ ಶಿಖರಜಿಯ ಯಾತ್ರೆ ಕೈಗೊಂಡಾಗ, ಬೆಟ್ಟ ಹತ್ತಲಾರದೆ ಸೋತ ವೃದ್ಧೆಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರು. ಮನೆಯಲ್ಲಿ ತಂದೆತಾಯಿಗಳ ಸೇವೆಗೆ ಬಾಗಿದ ಬೆನ್ನು ಬೆಟ್ಟದಲ್ಲಿ ಪರರ ತಾಯಿಗೂ ಬಾಗಿತು. ಆ ಯಾತ್ರೆಯಲ್ಲಿಯೇ ತುಪ್ಪ ಮತ್ತು ಎಣ್ಣೆಗಳನ್ನು ಜೀವನಪರ್ಯಂತ ತ್ಯಜಿಸಿದರು. ಊರಿಗೆ ಮರಳಿದ ಮೇಲೆ ದಿನಕ್ಕೊಂದೇ ಊಟವೆಂಬ ನಿಯಮ ಹಿಡಿದರು. ಬಾಲ್ಯದಲ್ಲಿ ತಂದೆಯಲ್ಲಿ ಕಂಡ ನಿಯಮ ಈಗ ಮಗನ ನಿಯಮವಾಯಿತು.

ಕಾಲಕ್ರಮದಲ್ಲಿ ಭೀಮಗೌಡರ ಅಂತ್ಯಕಾಲ ಸಮೀಪಿಸಿತು. ಅವರು ಮೋಹವನ್ನು ಕಳಚಿ, ಆಹಾರವನ್ನು ತ್ಯಜಿಸಿ, ಸಮಾಧಿಮರಣವನ್ನು ಸಾಧಿಸಿದರು. ಕೆಲವು ವರ್ಷಗಳ ನಂತರ ಸತ್ಯವತಿಯವರೂ ಧರ್ಮಧ್ಯಾನದಲ್ಲಿಯೇ ದೇಹವನ್ನು ಬಿಟ್ಟರು. ಹೇಗೆ ಬಾಳಬೇಕೆಂದು ತೋರಿಸಿದ್ದ ಹೆತ್ತವರು ಹೇಗೆ ಹೊರಡಬೇಕೆಂಬುದನ್ನೂ ತೋರಿಸಿ ಹೋದರು. ಸಾತಗೌಡರು ಕೊಟ್ಟ ಮಾತು ಪೂರ್ಣವಾಗಿತ್ತು.

ನಲವತ್ತು ದಾಟಿದ ಮೇಲೆ ಅವರು ಮನೆಯಿಂದ ಹೊರಟರು. ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನೂ, 1920ರಲ್ಲಿ ಯರನಾಳದ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ಅದೇ ಗುರುಗಳಿಂದ ದಿಗಂಬರ ಮುನಿದೀಕ್ಷೆಯನ್ನೂ ಪಡೆದು ಶಾಂತಿಸಾಗರರಾದರು. 1924ರಲ್ಲಿ ಸಮಡೋಳಿಯಲ್ಲಿ ಚತುಃಸಂಘವು ಅವರನ್ನು ಆಚಾರ್ಯ ಪದವಿಯಲ್ಲಿ ಪ್ರತಿಷ್ಠಾಪಿಸಿತು. ದಿಗಂಬರ ಮುನಿಗಳ ಸಂಚಾರವೇ ಅಪರೂಪವಾಗಿದ್ದ ಆ ದಿನಗಳಲ್ಲಿ ಸಂಘಸಮೇತರಾಗಿ ಕಾಲ್ನಡಿಗೆಯಿಂದ ಉತ್ತರ ಭಾರತಕ್ಕೆ ವಿಹಾರ ಮಾಡಿ, 1928ರಲ್ಲಿ ಶಿಖರಜಿಯನ್ನು ಮತ್ತೆ ದರ್ಶಿಸಿದರು. ಅಂದು ವೃದ್ಧೆಯನ್ನು ಹೊತ್ತು ಹತ್ತಿದ್ದ ಬೆಟ್ಟ ಅದೇ. ಈಗ ಅವರ ಹಿಂದೆ ಸಹಸ್ರಾರು ಶ್ರಾವಕರು ನಡೆಯುತ್ತಿದ್ದರು.

ಒಡಹುಟ್ಟಿದವರ ಬಾಂಧವ್ಯವೂ ಕಡಿದುಹೋಗಲಿಲ್ಲ, ಅದರ ರೂಪ ಬದಲಾಯಿತು. ಅಣ್ಣ ದೇವಗೌಡರು ಕೂಡ ತ್ಯಾಗಮಾರ್ಗವನ್ನು ಹಿಡಿದು ವರ್ಧಮಾನಸಾಗರ ಮುನಿಗಳಾದರು. ಮುನಿಸಂಘದಲ್ಲಿ ಹಿರಿತನವನ್ನು ಎಣಿಸುವುದು ಹುಟ್ಟಿದ ವರ್ಷದಿಂದಲ್ಲ, ದೀಕ್ಷೆಯಾದ ದಿನದಿಂದ. ಹೀಗಾಗಿ ಭೋಜದ ಮನೆಯಲ್ಲಿ ಕಿರಿಯರಾಗಿದ್ದವರು ಸಂಘದಲ್ಲಿ ಹಿರಿಯರಾದರು. ಎತ್ತಿ ಆಡಿಸಿದ ತಮ್ಮನಿಗೆ ಕೈಮುಗಿಯುವಾಗ ಅಣ್ಣನ ಅಹಂಕಾರವೂ ಕರಗಬೇಕು, ಮಮಕಾರವೂ ಕರಗಬೇಕು. ಆ ಎರಡೂ ಕರಗಿದ ಮೇಲೆ ಉಳಿಯುವುದನ್ನೇ ಶಾಸ್ತ್ರಗಳು ವಾತ್ಸಲ್ಯವೆಂದು ಕರೆದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದೆಂದು ಎಣಿಸಿವೆ.

1955ರಲ್ಲಿ ಎಂಬತ್ಮೂರರ ಆಚಾರ್ಯರಿಗೆ ಕಣ್ಣಿನ ದೃಷ್ಟಿ ಕುಂದಿತು. ನಡೆಯುವಾಗ ಕಾಲಡಿಯ ಜೀವಿ ಕಾಣದಿದ್ದರೆ, ಆಹಾರ ಪಡೆಯುವಾಗ ಅದರಲ್ಲಿನ ಸೂಕ್ಷ್ಮಪ್ರಾಣಿ ಕಾಣದಿದ್ದರೆ, ಅಹಿಂಸಾ ಮಹಾವ್ರತ ಉಳಿಯುವುದು ಹೇಗೆ? ಹೊಲದ ಹಕ್ಕಿಗಳಿಗೆ ನೀರಿಟ್ಟ ಜೀವ ಈ ಪ್ರಶ್ನೆಗೆ ರಾಜಿ ಮಾಡಿಕೊಳ್ಳಲಿಲ್ಲ. ಮಹಾರಾಷ್ಟ್ರದ ಕುಂಥಲಗಿರಿ ಕ್ಷೇತ್ರದಲ್ಲಿ ಆಗಸ್ಟ್ 14ರಂದು ಸಲ್ಲೇಖನವನ್ನು ಆರಂಭಿಸಿದರು. ಇಪ್ಪತ್ತಾರನೆಯ ದಿನ, ಸೆಪ್ಟೆಂಬರ್ 8ರಂದು, ಅವರು ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಅಂಜದೆ ಸಂಯಮವನ್ನು ಧರಿಸಬೇಕು, ಪ್ರತಿದಿನವೂ ಆತ್ಮಚಿಂತನೆ ಮಾಡಬೇಕು ಎಂಬುದೇ ಅದರ ಸಾರ. ಮೂವತ್ತಾರನೆಯ ದಿನ, ಸೆಪ್ಟೆಂಬರ್ 18ರಂದು, ಸಮಾಧಿಸ್ಥರಾದರು. ತಂದೆ ತೋರಿಸಿದ ದಾರಿಯನ್ನೇ ಮಗ ಮುನಿಪದದ ಎತ್ತರದಲ್ಲಿ ಪೂರ್ಣಗೊಳಿಸಿದರು.

ಕುಂಥಲಗಿರಿಯು ದೇಶಭೂಷಣ ಮತ್ತು ಕುಲಭೂಷಣರೆಂಬ ಸಹೋದರ ಮುನಿಗಳು ಮುಕ್ತರಾದ ಸಿದ್ಧಕ್ಷೇತ್ರ. ಬಾಲ್ಯದಲ್ಲಿಯೇ ವಿದ್ಯಾಭ್ಯಾಸಕ್ಕೆಂದು ಮನೆಯನ್ನು ಅಗಲಿದ್ದ ಆ ರಾಜಕುಮಾರರು ಬೆಳೆದು ಹಿಂದಿರುಗುವಾಗ ಗವಾಕ್ಷದಲ್ಲಿ ನಿಂತಿದ್ದ ಕನ್ಯೆಯೊಬ್ಬಳನ್ನು ಕಂಡು ಇಬ್ಬರೂ ಮೋಹಗೊಂಡರು. ಆಕೆ ತಮ್ಮ ಒಡಹುಟ್ಟಿದ ತಂಗಿಯೆಂದು ತಿಳಿದೊಡನೆ ನಾಚಿ, ವಿರಕ್ತರಾಗಿ ದೀಕ್ಷೆ ಹೊಂದಿದರು ಎಂಬುದು ಪುರಾಣಕಥೆ. ಮನೆಯಿಂದ ದೂರ ಬೆಳೆದವರು ತಂಗಿಯ ಮುಖವನ್ನೇ ಗುರುತಿಸದಾದರು. ಸಂಬಂಧದ ಅರಿವು ಮೂಡಿದ ಕ್ಷಣವೇ ಅವರನ್ನು ಪತನದಿಂದ ಉಳಿಸಿತು. ಬಾಂಧವ್ಯದ ಅರಿವು ಮನುಷ್ಯನನ್ನು ಕಾಯುತ್ತದೆ, ಬಾಂಧವ್ಯದ ಮೋಹ ಕಟ್ಟಿಹಾಕುತ್ತದೆ. ಅನ್ಯತ್ವ ಭಾವನೆಯು ಬಿಡಿಸುವುದು ಎರಡನೆಯದನ್ನು ಮಾತ್ರ.

ಕಾಗದ ಕಾರ್ಖಾನೆಯ ಸುತ್ತ ಬೆಳೆದ ಬಂಗೂರನಗರದಂತಹ ಊರುಗಳಲ್ಲಿ ಉದ್ಯೋಗಕ್ಕಾಗಿ ನಾನಾ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಅವರ ಮಕ್ಕಳು ಇಂದು ಇನ್ನೂ ದೂರದ ನಗರಗಳಿಗೆ ಹೋಗಿದ್ದಾರೆ. ಎಲ್ಲರೂ ಸಾತಗೌಡರಂತೆ ಹೆತ್ತವರ ಬಳಿಯಲ್ಲೇ ಉಳಿಯುವುದು ಸಾಧ್ಯವಾಗಲಿಕ್ಕಿಲ್ಲ, ದೀಕ್ಷೆಯಂತೂ ಕೆಲವರ ಪಾಲಿನ ಭಾಗ್ಯ. ಆದರೆ ಮಗು ಮನೆಯಲ್ಲಿರುವ ಹತ್ತು ಹದಿನೈದು ವರ್ಷಗಳು ಪ್ರತಿಯೊಬ್ಬ ಶ್ರಾವಕನ ಕೈಯಲ್ಲಿವೆ. ಆ ವರ್ಷಗಳಲ್ಲಿ ಅದು ನೋಡುವ ತಂದೆಯ ಊಟ, ತಾಯಿಯ ಉಪವಾಸ, ಬಾಗಿಲಿಗೆ ಬಂದವರಿಗೆ ಸಿಗುವ ಆದರ, ಇವೇ ಅದರ ಮುಂದಿನ ಬುತ್ತಿ. ಆ ಬುತ್ತಿ ಎಷ್ಟು ದೂರದವರೆಗೆ ಸಾಕಾಗುತ್ತದೆಂಬುದಕ್ಕೆ ಭೋಜದಿಂದ ಕುಂಥಲಗಿರಿಯವರೆಗಿನ ಆ ಎಂಬತ್ಮೂರು ವರ್ಷಗಳ ನಡಿಗೆಯೇ ಸಾಕ್ಷಿ.