ಕಿಂಗ್ ಕಾಂಗ್‌ನ ಏಕಲವ್ಯ: ಗಾಡ್ಜಿಲಾಗೆ ಜೀವ ಕೊಟ್ಟ ಐಜಿ ತ್ಸುಬುರಾಯ

ನಮ್ಮಲ್ಲಿ ಹೆಚ್ಚಿನವರಿಗೆ ಗಾಡ್ಜಿಲಾ ಎಂಬ ದೈತ್ಯ ಪ್ರಾಣಿಯ ಪರಿಚಯವಾದದ್ದು 1998ರ ಹಾಲಿವುಡ್ ಚಿತ್ರದಿಂದ. ನ್ಯೂಯಾರ್ಕಿನ ಬೀದಿಗಳಲ್ಲಿ ಕಾರುಗಳನ್ನು ತುಳಿಯುತ್ತಾ ಸಾಗಿದ ಅದನ್ನು ಕಂಡು ಬೆರಗಾದ ಎಷ್ಟೋ ಮಂದಿಗೆ ಅದು ರಿಮೇಕ್ ಎಂಬುದೇ ಗೊತ್ತಿರಲಿಲ್ಲ. ಮೂಲ ಚಿತ್ರ ಬಂದದ್ದು 1954ರಲ್ಲಿ, ಜಪಾನಿನಲ್ಲಿ. ಇನ್ನೂ ಕೆದಕಿದರೆ ಆ ಮೂಲದ ಹಿಂದೆಯೂ ಒಂದು ಮೂಲವಿದೆ. ಅದು ಅಮೆರಿಕದ 'ಕಿಂಗ್ ಕಾಂಗ್'. ಈ ಎರಡರ ನಡುವೆ ನಿಂತಿರುವವರು ಐಜಿ ತ್ಸುಬುರಾಯ ಎಂಬ ಒಬ್ಬ ಅಭಿಮಾನಿ.

ವಿಮಾನದ ಕನಸು

ತ್ಸುಬುರಾಯ ಹುಟ್ಟಿದ್ದು 1901ರ ಜುಲೈ ತಿಂಗಳಲ್ಲಿ, ಫುಕುಶಿಮಾ ಪ್ರಾಂತ್ಯದ ಸುಕಾಗಾವಾ ಎಂಬ ಊರಿನಲ್ಲಿ. ಮೂರು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ಅಜ್ಜಿಯ ಆಶ್ರಯದಲ್ಲಿ ಬೆಳೆದ ಹುಡುಗನಿಗೆ ವಿಮಾನದ ಹುಚ್ಚು. ಕಂಡ ಚಿತ್ರಗಳನ್ನು ನೋಡಿಕೊಂಡು ಮಾದರಿ ವಿಮಾನಗಳನ್ನು ಮಾಡುವುದೇ ಕೆಲಸ. 1916ರಲ್ಲಿ ಟೋಕಿಯೋದ ಹನೇಡಾದಲ್ಲಿದ್ದ ವಿಮಾನ ಶಾಲೆಗೆ ಸೇರಿದರು. ಆದರೆ ಮರುವರ್ಷವೇ ಶಾಲೆಯ ಸ್ಥಾಪಕರು ವಿಮಾನ ಅಪಘಾತದಲ್ಲಿ ತೀರಿಕೊಂಡು ಶಾಲೆಯೇ ಮುಚ್ಚಿತು. ಹಾರುವ ಕನಸು ಅಲ್ಲಿಗೆ ಮುಗಿಯಿತು.

ಹೊಟ್ಟೆಪಾಡಿಗೆ ಆಟಿಕೆ ತಯಾರಿಸುವ ಕಂಪನಿಯಲ್ಲಿ ದುಡಿದ ತ್ಸುಬುರಾಯ 1919ರಲ್ಲಿ ಸಿನಿಮಾ ಕ್ಯಾಮೆರಾ ಹಿಡಿದರು. ಮಾದರಿ ಮಾಡುವ ಕೈ, ಯಂತ್ರ ಬಿಚ್ಚಿ ನೋಡುವ ಕುತೂಹಲ, ಕ್ಯಾಮೆರಾದ ಕಣ್ಣು. ಈ ಮೂರೂ ಮುಂದೆ ಒಟ್ಟಿಗೇ ಕೆಲಸಕ್ಕೆ ಬಂದವು.

ಗುರುವನ್ನು ಕಾಣದ ಶಿಷ್ಯ

1933ರಲ್ಲಿ 'ಕಿಂಗ್ ಕಾಂಗ್' ಜಪಾನಿಗೆ ಬಂತು. ಆ ವಾನರನಿಗೆ ಚಲನೆ ಕೊಟ್ಟವರು ವಿಲ್ಲಿಸ್ ಓಬ್ರಿಯನ್. ಕೀಲುಗಳಿದ್ದ ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಪರದೆಯ ಮೇಲಿನ ಒಂದು ಸೆಕೆಂಡಿಗೆ ಹೀಗೆ 24 ಚಿತ್ರಗಳು ಬೇಕು.

ಜಪಾನಿನಲ್ಲಿ ಆ ಚಿತ್ರದ ನಕಲುಗಳೂ ಬೇಗನೆ ಹುಟ್ಟಿದವು. ಅದೇ ವರ್ಷ ಶೋಚಿಕು ಕಂಪನಿ ಕಾಂಗ್ ಹೆಸರಿನ ಕಿರು ಹಾಸ್ಯಚಿತ್ರ ಮಾಡಿತು. 1938ರಲ್ಲಿ ಕಾಂಗ್ ಎದೋ ನಗರಕ್ಕೆ ಬಂದ ಕಥೆಯ ಚಿತ್ರವೂ ತೆರೆಕಂಡಿತು. ಎರಡರ ಪ್ರತಿಗಳೂ ಇಂದು ಉಳಿದಿಲ್ಲ.

ತ್ಸುಬುರಾಯ ಮಾತ್ರ ನಕಲಿಗೆ ಆತುರಪಡಲಿಲ್ಲ. ಚಿತ್ರದ ಒಂದು ಪ್ರತಿಯನ್ನು ಹೇಗೋ ಸಂಪಾದಿಸಿ, ರೀಲನ್ನು ಒಂದೊಂದೇ ಫ್ರೇಮಿನಂತೆ ಪರೀಕ್ಷಿಸುತ್ತಾ ಕುಳಿತರು. ದ್ರೋಣರ ಮಣ್ಣಿನ ಮೂರ್ತಿಯ ಮುಂದೆ ಏಕಲವ್ಯ ಬಿಲ್ವಿದ್ಯೆ ಕಲಿತಂತೆ ಇವರಿಗೆ ಆ ರೀಲೇ ಗುರು. ತಾನೂ ಇಂಥದ್ದೊಂದು ಚಿತ್ರ ಮಾಡಬೇಕೆಂಬ ಆಸೆ ಹುಟ್ಟಿದ್ದು ಆಗಲೇ. ಅದು ಕೈಗೂಡಲು ಇಪ್ಪತ್ತೊಂದು ವರ್ಷ ಕಾಯಬೇಕಾಯಿತು.

ಯುದ್ಧದ ಕಪ್ಪುಚುಕ್ಕೆ

1937ರಲ್ಲಿ ತೋಹೋ ಸ್ಟುಡಿಯೋ ಸೇರಿದ ತ್ಸುಬುರಾಯರ ಕೈಚಳಕವನ್ನು ಮೊದಲು ಪೂರ್ತಿಯಾಗಿ ಬಳಸಿಕೊಂಡದ್ದು ಯುದ್ಧ. 1942ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ದಾಳಿಗೆ ಒಂದು ವರ್ಷ ತುಂಬಿದಾಗ ಬಿಡುಗಡೆಯಾದ ಪ್ರಚಾರ ಚಿತ್ರಕ್ಕೆ ಅವರು ಛಾಯಾಚಿತ್ರಗಳ ಆಧಾರದ ಮೇಲೆ ಇಡೀ ಬಂದರನ್ನೇ ಪುಟ್ಟ ಮಾದರಿಯಲ್ಲಿ ಕಟ್ಟಿದರು. ಯುದ್ಧಾನಂತರ ಬಂದ ಅಮೆರಿಕನ್ ಅಧಿಕಾರಿಗಳು ಆ ದೃಶ್ಯಗಳನ್ನು ನಿಜವಾದ ದಾಳಿಯ ಚಿತ್ರೀಕರಣವೆಂದೇ ಭಾವಿಸಿದರು ಎಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಪ್ರತಿಭೆಗೆ ಸಿಕ್ಕ ಆ ಮೆಚ್ಚುಗೆಯೇ ಮುಳುವಾಯಿತು. ಯುದ್ಧ ಪ್ರಚಾರಕ್ಕೆ ನೆರವಾದವರ ಪಟ್ಟಿಯಲ್ಲಿ ಅವರ ಹೆಸರೂ ಸೇರಿ, 1948ರಲ್ಲಿ ಸ್ಟುಡಿಯೋ ಬಿಡಬೇಕಾಯಿತು. ಕೆಲವು ವರ್ಷ ಸ್ವಂತದ ಸಣ್ಣ ಪ್ರಯೋಗಾಲಯ ನಡೆಸಿ, 1950ರ ದಶಕದ ಆರಂಭದಲ್ಲಿ ಮತ್ತೆ ತೋಹೋಗೆ ಮರಳಿದರು. ಈ ಕಪ್ಪುಚುಕ್ಕೆಯನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ಸರಿಯಲ್ಲ. ಸುಡುವ ಹಡಗುಗಳನ್ನು ವಿಜಯದ ಸಂಭ್ರಮವಾಗಿ ತೋರಿಸಿದ ಅದೇ ಕೈಗಳು ಮುಂದೆ ಸುಡುವ ಟೋಕಿಯೋವನ್ನು ಶೋಕವಾಗಿ ತೋರಿಸಿದವು.

ಬೆವರಿನ ವೇಷ

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಸ್ತೋಮದಲ್ಲಿ ಜಲಜನಕ ಬಾಂಬ್ ಪರೀಕ್ಷೆ ನಡೆಸಿತು. ಅದರ ವಿಕಿರಣದ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ 23 ಮಂದಿಯ ಮೇಲೆ ಬಿತ್ತು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ಸತ್ತರು. ಬಾಂಬಿನಿಂದ ಎಚ್ಚೆತ್ತು ಸಮುದ್ರದಿಂದ ಎದ್ದು ಬರುವ ಪ್ರಾಣಿಯ ಕಥೆಯನ್ನು ನಿರ್ಮಾಪಕ ತೊಮೊಯುಕಿ ತನಾಕಾ ಕೈಗೆತ್ತಿಕೊಂಡದ್ದು ಆ ದಿನಗಳಲ್ಲೇ. ನಿರ್ದೇಶನ ಇಶಿರೋ ಹೋಂಡಾ ಅವರದು, ಟ್ರಿಕ್ ದೃಶ್ಯಗಳು ತ್ಸುಬುರಾಯರದು. ಗೊರಿಲ್ಲಾ ಮತ್ತು ತಿಮಿಂಗಿಲ ಎಂಬರ್ಥದ ಜಪಾನಿ ಪದ 'ಕುಜಿರಾ' ಸೇರಿ 'ಗೊಜಿರಾ' ಎಂಬ ಹೆಸರಾಯಿತು.

ತ್ಸುಬುರಾಯರ ಆಸೆ ಕಾಂಗ್‌ನಂತೆ ಗೊಂಬೆಯನ್ನು ಇಂಚಿಂಚೇ ಸರಿಸಿ ಚಿತ್ರೀಕರಿಸುವುದಾಗಿತ್ತು. ಹಾಗೆ ಮಾಡಿದರೆ ಏಳು ವರ್ಷ ಹಿಡಿದೀತೆಂಬುದು ಅವರದೇ ಲೆಕ್ಕ. ಕೈಯಲ್ಲಿ ಇದ್ದದ್ದು ಕೆಲವೇ ತಿಂಗಳು. ಕೊನೆಗೆ ರಬ್ಬರಿನ ವೇಷದೊಳಗೆ ಮನುಷ್ಯನನ್ನೇ ನಿಲ್ಲಿಸಲು ತೀರ್ಮಾನಿಸಿದರು.

ಯಕ್ಷಗಾನದ ಬಣ್ಣದ ವೇಷ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೊದಲ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ತೊಟ್ಟವರು ಹೆಜ್ಜೆ ಎತ್ತುವುದೇ ಕಷ್ಟವಾಗಿ ಇನ್ನೊಂದನ್ನು ಮಾಡಬೇಕಾಯಿತು. ಒಳಗಿದ್ದ ನಟ ಹರುವೋ ನಕಾಜಿಮಾ ದೈತ್ಯನ ನಡಿಗೆ ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ಗಮನಿಸಿದ್ದರು. ದೀಪಗಳ ಶಾಖಕ್ಕೆ ವೇಷದೊಳಗೆ ಸೇರಿದ ಬೆವರನ್ನು ಬಸಿದು ಚೆಲ್ಲಬೇಕಾಗುತ್ತಿತ್ತು.

ನಗರವನ್ನು 25ರಲ್ಲಿ ಒಂದರ ಅಳತೆಯಲ್ಲಿ ಕಟ್ಟಲಾಯಿತು. ವಿದ್ಯುತ್ ಗೋಪುರಗಳನ್ನು ಮೇಣದಿಂದ ಮಾಡಿ ಬಿಸಿ ತಾಗಿಸಿ ಕರಗಿಸಿದರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಹೆಚ್ಚು ಫ್ರೇಮುಗಳನ್ನು ತೆಗೆದು, ಸಾಮಾನ್ಯ ವೇಗದಲ್ಲಿ ತೋರಿಸಿದರೆ ಎಲ್ಲವೂ ನಿಧಾನವಾಗಿ ಕಾಣುತ್ತದೆ. ಆ ನಿಧಾನದಿಂದಲೇ ಮನುಷ್ಯನ ಹೆಜ್ಜೆಗೆ ಬೆಟ್ಟದ ಭಾರ ಬಂತು. 1954ರ ನವೆಂಬರ್ 3ರಂದು ತೆರೆಕಂಡ ಚಿತ್ರವನ್ನು ನೋಡಿದವರು ಸುಮಾರು 96 ಲಕ್ಷ ಮಂದಿ. ಯುದ್ಧದ ಬಾಂಬುಗಳಿಗೆ ಸುಟ್ಟ ನಗರ ಅವರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು.

ಗುರುವಿನ ಹೆಬ್ಬೆರಳು

1962ರಲ್ಲಿ ತ್ಸುಬುರಾಯರ ಹಳೆಯ ಆಸೆ ಈಡೇರಿತು. 'ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲಾ' ಚಿತ್ರದಲ್ಲಿ ಕಾಂಗ್ ಅವರ ಕೈಗೇ ಬಂದ. ಮಕ್ಕಳು ನಗಬೇಕೆಂದು ದೈತ್ಯರ ಕಾಳಗವನ್ನು ಕುಸ್ತಿಯಂತೆ ಮಾಡಿದರು. ಚಿತ್ರ ಭರ್ಜರಿಯಾಗಿ ಓಡಿತು. ಆದರೆ ಮೊದಲ ಚಿತ್ರದ ಗಾಂಭೀರ್ಯ ಅಲ್ಲಿ ಉಳಿಯಲಿಲ್ಲ.

ಇದರ ಹಿಂದೆ ಇನ್ನೊಂದು ನೋವಿನ ಕಥೆಯಿದೆ. ಕಾಂಗ್‌ನನ್ನು ಇನ್ನೊಬ್ಬ ದೈತ್ಯನೊಡನೆ ಕಾದಾಡಿಸುವ ಕಲ್ಪನೆ ಮೂಲತಃ ಓಬ್ರಿಯನ್ ಅವರದು. ಅದನ್ನು ಹಿಡಿದುಕೊಂಡು ಓಡಾಡಿದ ಅಮೆರಿಕದ ನಿರ್ಮಾಪಕ ಜಾನ್ ಬೆಕ್, ಓಬ್ರಿಯನ್‌ಗೆ ತಿಳಿಸದೆ ತೋಹೋಗೆ ದಾಟಿಸಿದರು. ಕಾಂಗ್‌ಗೆ ಜೀವ ಕೊಟ್ಟವರಿಗೆ ಹಣವೂ ಸಿಗಲಿಲ್ಲ, ಪರದೆಯ ಮೇಲೆ ಹೆಸರೂ ಬರಲಿಲ್ಲ. ಜಪಾನಿನಲ್ಲಿ ಚಿತ್ರ ಬಿಡುಗಡೆಯಾದದ್ದು ಆಗಸ್ಟಿನಲ್ಲಿ, ಓಬ್ರಿಯನ್ ತೀರಿಕೊಂಡದ್ದು ಅದೇ ನವೆಂಬರಿನಲ್ಲಿ. ವ್ಯವಹಾರ ನಡೆದದ್ದು ನಿರ್ಮಾಪಕರ ನಡುವೆ ಎಂಬುದು ನಿಜ. ಆದರೂ ಮಹಾಭಾರತದಲ್ಲಿ ಶಿಷ್ಯ ಹೆಬ್ಬೆರಳು ಕೊಟ್ಟರೆ, ಇಲ್ಲಿ ಕಳೆದುಕೊಂಡವರು ಗುರು.

ರಟ್ಟಿನ ಊರುಗಳು

1963ರಲ್ಲಿ ಸ್ವಂತ ಸಂಸ್ಥೆ ಕಟ್ಟಿದ ತ್ಸುಬುರಾಯ, 1966ರಲ್ಲಿ ಟಿವಿಗಾಗಿ 'ಅಲ್ಟ್ರಾಮ್ಯಾನ್' ಸರಣಿ ತಂದರು. ದೈತ್ಯರು ಮನೆಮನೆಗೆ ಬಂದರು. 1970ರ ಜನವರಿ 25ರಂದು, 68ನೆಯ ವಯಸ್ಸಿನಲ್ಲಿ ತ್ಸುಬುರಾಯ ಕಣ್ಣು ಮುಚ್ಚಿದರು.

ಅವರ ವಿದ್ಯೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ವೇಷ, ರಟ್ಟು, ಮೇಣ, ತಾಳ್ಮೆ ಇದ್ದರೆ ದೈತ್ಯನ ಚಿತ್ರ ಮಾಡಬಹುದೆಂದು ಅವರು ತೋರಿಸಿಕೊಟ್ಟಿದ್ದರು. 1983ರಲ್ಲಿ ಒಸಾಕಾದ ಯುವಕರ ತಂಡವೊಂದು 8 ಎಂಎಂ ಕ್ಯಾಮೆರಾ ಹಿಡಿದು, ಕಾಗದದ ಕಟ್ಟಡ, ವಾಹನಗಳನ್ನು ಮಾಡಿಕೊಂಡು ತಮ್ಮದೇ 'ಅಲ್ಟ್ರಾಮ್ಯಾನ್' ಚಿತ್ರ ತಯಾರಿಸಿತು. ಮುಖವಾಡವಿಲ್ಲದೆ ನಾಯಕನಾಗಿ ನಿಂತ ತರುಣ ಹಿದೇಯಾಕಿ ಅನ್ನೋ. ಅಭಿಮಾನಿಗಳ ಚಿತ್ರದಲ್ಲಿ ಹೀಗೆ ಆಟವಾಡಿದ ಅದೇ ಅನ್ನೋ, 2016ರಲ್ಲಿ ತೋಹೋಗಾಗಿ 'ಶಿನ್ ಗಾಡ್ಜಿಲಾ' ಚಿತ್ರವನ್ನು ಶಿಂಜಿ ಹಿಗುಚಿ ಜೊತೆ ನಿರ್ದೇಶಿಸಿದರು. ದೂರದ ನ್ಯೂಜಿಲೆಂಡಿನಲ್ಲಿ ಬಾಲ್ಯದಲ್ಲೇ ರಟ್ಟಿನ ಕಟ್ಟಡ ನಿಲ್ಲಿಸಿ ಕಿಂಗ್ ಕಾಂಗ್ ಚಿತ್ರ ಮಾಡಹೊರಟಿದ್ದ ಪೀಟರ್ ಜಾಕ್ಸನ್, 2005ರಲ್ಲಿ ಅದರ ಅದ್ದೂರಿ ರಿಮೇಕ್ ಮಾಡಿದ್ದನ್ನೂ ಇಲ್ಲಿ ನೆನೆಯಬಹುದು.

2024ರ ಮಾರ್ಚಿನಲ್ಲಿ 'ಗಾಡ್ಜಿಲಾ ಮೈನಸ್ ಒನ್' ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಗೆದ್ದಿತು. ಗಾಡ್ಜಿಲಾ ಚಿತ್ರವೊಂದಕ್ಕೆ ಆಸ್ಕರ್ ಬಂದದ್ದು ಅದೇ ಮೊದಲು. ಅಷ್ಟರಲ್ಲಿ ತ್ಸುಬುರಾಯ ತೀರಿಕೊಂಡು 54 ವರ್ಷ ಕಳೆದಿತ್ತು. 2011ರ ಭೂಕಂಪದಲ್ಲಿ ನಲುಗಿದ ಸುಕಾಗಾವಾದಲ್ಲಿ ಪುನರ್ನಿರ್ಮಾಣದ ಅಂಗವಾಗಿ ಎದ್ದ ಕಟ್ಟಡದಲ್ಲಿ 2019ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ.

ಮುಂದೆ ನಿಮ್ಮ ಮನೆಯ ಮಕ್ಕಳು ರಟ್ಟಿನ ಪೆಟ್ಟಿಗೆಗಳಿಂದ ಊರು ಕಟ್ಟಿ, ತಾವೇ ದೈತ್ಯರಾಗಿ ಅದನ್ನು ಕೆಡವುತ್ತಿದ್ದರೆ ಗದರಬೇಡಿ. ಒಂದು ಮೊಬೈಲ್ ಕೊಟ್ಟು ಚಿತ್ರೀಕರಿಸಲು ಹೇಳಿ. ಮೆಚ್ಚಿದ್ದನ್ನು ಮಾಡಿ ನೋಡಲಿ. ಯಾರಿಂದ ಕಲಿತೆವೆಂದು ಹೇಳುವುದನ್ನು ಮಾತ್ರ ಅವರು ಮರೆಯದಿರಲಿ.