ಅರಗಿನಲ್ಲಿ ಉಳಿದ ಕಂಠ

ಯಲಹಂಕದ ಮಿತ್ರರೊಬ್ಬರ ಮನೆಯಲ್ಲಿ ಗೌಹರ್ ಜಾನ್ ಅವರ ಹಳೆಯ ಗ್ರಾಮಫೋನ್ ತಟ್ಟೆಯೊಂದನ್ನು ಮೊದಲು ಕೇಳಿದಾಗ, ಇಷ್ಟು ಕೀರಲು ಕಂಠಕ್ಕೆ ಅಷ್ಟೊಂದು ಕೀರ್ತಿಯೇ ಎಂದುಕೊಂಡೆ. ಅದು ದುಡುಕಿನ ತೀರ್ಪೆಂದು ಆಮೇಲೆ ಅರಿತೆ.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದ ಏಂಜಲೀನಾ, ತಾಯಿ ಮಲ್ಕಾ ಜಾನ್ ಅವರೊಡನೆ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂದು ಹೆಸರಾದರು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಅವರ ಹಾಡನ್ನು ಮುದ್ರಿಸಿಕೊಂಡರು. ಕಹಳೆಯಂಥ ಕೊಳವೆಗೆ ಮುಖವಿಟ್ಟು ಎತ್ತರದ ದನಿಯಲ್ಲಿ ಹಾಡಬೇಕು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ದನಿಯ ಕಂಪನದ ಬಲದಿಂದಲೇ ಸೂಜಿಯು ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಮಂದ್ರದ ಗಾಂಭೀರ್ಯವನ್ನಾಗಲಿ, ತಂಬೂರಿಯ ಸೂಕ್ಷ್ಮ ನಾದವನ್ನಾಗಲಿ ಅದು ಹಿಡಿಯಲಾರದು. ಆ ಮೇಣದ ಫಲಕಗಳು ಜರ್ಮನಿಯ ಹ್ಯಾನೋವರಿಗೆ ಹೋದವು. ಅವುಗಳಿಂದ ಲೋಹದ ಪಡಿಯಚ್ಚು ತೆಗೆದು, ಅರಗಿಗೆ ಕಲ್ಲಿನ ಪುಡಿ ಬೆರೆಸಿದ ತಟ್ಟೆಗಳನ್ನು ಅಲ್ಲಿ ಒತ್ತಿದರು. ಹಾಡಿನ ಹಿಂದೆ ಕೇಳುವ ಕರಕರ ಸದ್ದಿಗೆ ಆ ಪುಡಿಯೂ ಒಂದು ಕಾರಣ. ಕಡೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಠೀವಿಗಲ್ಲ, ದೂರದ ಅಚ್ಚಿನವರಿಗೆ ಗುರುತಾಗಲೆಂದು.

ಮೈಕ್ರೊಫೋನಿನ ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ. ಅವರ ಯೌವನದ ಕಂಠಕ್ಕೆ ಅದು ದೊರೆಯಲಿಲ್ಲ. ವ್ಯಾಜ್ಯಗಳಲ್ಲಿ ಸಂಪತ್ತು ಕರಗಿದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ಕಣ್ಮುಚ್ಚಿದರು.

ಮೊನ್ನೆ ಮಿತ್ರರ ಮನೆಯಲ್ಲಿ ಆ ತಟ್ಟೆಯನ್ನು ಮತ್ತೆ ಕೇಳಿದೆ. ಕೀರಲನ್ನು ಕೊಳವೆಯ ಲೆಕ್ಕಕ್ಕೂ ಕರಕರವನ್ನು ಅರಗಿನ ಲೆಕ್ಕಕ್ಕೂ ಬಿಟ್ಟೆ. ಅಷ್ಟು ಆತುರದಲ್ಲೂ ಹದ ತಪ್ಪದ ತಾನಗಳು ಮಾತ್ರ ಅವರವೇ.